ಲೂಟ್ ಬಾಕ್ಸ್ ಜಗಳಕ್ಕೆ ಇಳಿಯುವ ಮುನ್ನ: ಲೆಕ್ಕ ಹಾಕುವ ಕ್ರಮ

‘ಮುನ್ನೂರು ಸಲ ಎಳೆದೆ, ಒಂದೂ ಬರಲಿಲ್ಲ, ಶೇ. 1 ಅನ್ನೋದು ಶುದ್ಧ ಸುಳ್ಳು’ ಅಂತ ಒಬ್ಬರು. ‘ನಿಮಗೆ ಸಂಭವನೀಯತೆ ಅರ್ಥವಾಗಿಲ್ಲ’ ಅಂತ ಇನ್ನೊಬ್ಬರು. ‘ಎಲ್ಲ ಜೂಜು, ಮುಚ್ಚಿಸಬೇಕು’ ಅಂತ ಮತ್ತೊಬ್ಬರು. ಗೇಮ್‌ಗಳ ಲೂಟ್ ಬಾಕ್ಸ್, ಗಾಚಾ (ದುಡ್ಡು ಕೊಟ್ಟು ಎಳೆದಾಗ ಯಾವ ಪಾತ್ರ, ವಸ್ತು ಸಿಗುತ್ತದೆ ಎಂಬುದನ್ನು ಅದೃಷ್ಟಕ್ಕೆ ಬಿಟ್ಟ ಮಾರಾಟ) ಬಗ್ಗೆ ನಡೆಯುವ ವಾದ ಮುಗಿಯದೇ ಇರುವುದಕ್ಕೆ ಕಾರಣ ಇಷ್ಟೆ: ಮೂವರೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಾರೆ. ಪ್ರಕಟಿಸಿದ ಸಂಖ್ಯೆ ನಿಜವೇ ಎಂಬುದು ದತ್ತಾಂಶದ ಪ್ರಶ್ನೆ. ಆ ಸಂಖ್ಯೆ ಜೇಬಿಗೆ ಎಷ್ಟು ಭಾರ ಎಂಬುದು ಲೆಕ್ಕದ ಪ್ರಶ್ನೆ. ಹೀಗೆ ಮಾರುವುದು ಸರಿಯೇ ಎಂಬುದಕ್ಕೆ ಯಾವ ಪ್ರೋಗ್ರಾಂ ಕೂಡ ಉತ್ತರ ಕೊಡುವುದಿಲ್ಲ. ಮೊದಲೆರಡಕ್ಕೆ ಮಾತ್ರ, ಪೈಥಾನ್‌ನಲ್ಲಿ ಲೂಪ್ ಬರೆಯಲು ಬರುವ ಯಾರಿಗಾದರೂ ಒಂದು ಸಂಜೆ ಸಾಕು.

ಮೊದಲು ಕ್ಯಾಲ್ಕುಲೇಟರ್

ಪ್ರೋಗ್ರಾಂ ಬರೆಯುವುದಕ್ಕೂ ಮುಂಚೆ ಒಂದು ಸೂತ್ರ ಕೈಯಲ್ಲಿರಲಿ. ಒಂದು ಸಲಕ್ಕೆ ಸಿಗುವ ಅವಕಾಶ ಶೇ. 1 ಆದರೆ, ಸಿಗದೇ ಇರುವ ಅವಕಾಶ 0.99. ನೂರು ಸಲವೂ ಸಿಗದೇ ಇರುವ ಅವಕಾಶ 0.99ರ ನೂರನೇ ಘಾತ, ಅಂದರೆ 0.366. ನೂರು ಪುಲ್ (ಒಂದು ಸಲ ಎಳೆದರೆ ಒಂದು ಪುಲ್) ಮಾಡಿದ ನೂರು ಜನರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಇರುತ್ತಾರೆ. ‘ಶೇ. 1 ಅಂದರೆ ನೂರಕ್ಕೆ ಒಂದು ಗ್ಯಾರಂಟಿ’ ಎಂಬ ತಪ್ಪು ತಿಳಿವಳಿಕೆ ಇಲ್ಲೇ ಮುರಿದುಬೀಳುತ್ತದೆ.

ಇದೇ ಸೂತ್ರವನ್ನು ತಿರುಗಿಸಿ. ಅರ್ಧ ಜನಕ್ಕೆ ಸಿಗಲು 69 ಪುಲ್ ಬೇಕು, ನೂರಕ್ಕೆ 90 ಜನಕ್ಕೆ ಸಿಗಲು 230, ನೂರಕ್ಕೆ 99 ಜನಕ್ಕೆ 459. ಸರಾಸರಿ ಮಾತ್ರ ಸರಿಯಾಗಿ 100. ಕಂಪನಿಯ ಪರ ವಾದಿಸುವವರು ಸರಾಸರಿ ಹೇಳುತ್ತಾರೆ, ದುಡ್ಡು ಕಳೆದುಕೊಂಡವರು 459ರ ಕಡೆಯಿಂದ ಮಾತಾಡುತ್ತಾರೆ. ಒಂದೇ ಅಂಕಿ ಹೇಳುವ ಯಾರನ್ನೂ ನಂಬಬೇಡಿ. ಕನಿಷ್ಠ 50, 90, 99ರ ಮೂರು ಅಂಕಿ ಕೇಳಿ.

ಈ ಲೆಕ್ಕ ನಿಂತಿರುವುದು ಪ್ರತಿ ಪುಲ್ ಸ್ವತಂತ್ರ ಎಂಬ ಊಹೆಯ ಮೇಲೆ. ಚೌಕಾಬಾರದಲ್ಲಿ ಹತ್ತು ಸಲ ಗರ ಬೀಳಲಿಲ್ಲ ಅಂತ ಹನ್ನೊಂದನೇ ಸಲ ಕವಡೆ ಕರುಣೆ ತೋರಿಸುವುದಿಲ್ಲ. ಆದರೆ ಈಗಿನ ಬಹಳಷ್ಟು ಗಾಚಾ ಗೇಮ್‌ಗಳಲ್ಲಿ ಕರುಣೆಗೆ ಪ್ರತ್ಯೇಕ ಕೌಂಟರ್ ಇಟ್ಟಿದ್ದಾರೆ, ಇಷ್ಟು ಸಲ ಬಾರದಿದ್ದರೆ ಮುಂದಿನದು ಖಾತರಿ ಎಂದು ಎಣಿಸುವ ಅದರ ಹೆಸರೇ ‘ಪಿಟಿ’. ಅಲ್ಲಿಗೆ ಸೂತ್ರ ಕೈಕೊಡುತ್ತದೆ, ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್‌ನಲ್ಲೇ ಲಕ್ಷ ಸಲ ಆಡಿಸಿ ನೋಡುವುದು, ಬೇಕಾಗುತ್ತದೆ.

ಎರಡು ಅಂಕಿಯಿಂದ ಮೂರನೆಯದನ್ನು ಹೊರತೆಗೆಯುವುದು

ಇದಕ್ಕೆ ಗೆನ್ಶಿನ್ ಇಂಪ್ಯಾಕ್ಟ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅದರ ಕ್ಯಾರೆಕ್ಟರ್ ಬ್ಯಾನರ್‌ನ (ಪಾತ್ರಗಳಿಗಾಗಿ ಪುಲ್ ಮಾಡುವ ಜಾಗ) ವಿವರ ಪುಟದಲ್ಲಿ ಅತಿ ವಿರಳವಾದ ಐದು ನಕ್ಷತ್ರದ ಪಾತ್ರಕ್ಕೆ ಮೂಲ ದರ ಶೇ. 0.6, ಖಾತರಿಯನ್ನೂ ಸೇರಿಸಿದ ಒಟ್ಟು ದರ ಶೇ. 1.6, 90ನೇ ಪುಲ್‌ಗೆ ಖಾತರಿ ಎಂದು ಬರೆದಿದೆ. ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ನೋಡೋಣ.

ಶೇ. 0.6ರ ದರ 89ನೇ ಪುಲ್ ತನಕ ಹಾಗೇ ಇದ್ದು, 90ಕ್ಕೆ ಮಾತ್ರ ಖಾತರಿ ಇದ್ದರೆ, ಸರಾಸರಿ ಪುಲ್ ಸಂಖ್ಯೆ (1 − 0.994ರ 90ನೇ ಘಾತ) ÷ 0.006. ಲೆಕ್ಕ ಹಾಕಿದರೆ 69.7 ಬರುತ್ತದೆ. ಅಂದರೆ ಒಟ್ಟು ದರ ಶೇ. 1.43. ಆದರೆ ಪುಟ ಹೇಳುವುದು ಶೇ. 1.6, ಅಂದರೆ ಸರಾಸರಿ 62.5 ಪುಲ್. ಏಳು ಪುಲ್‌ಗಳ ಈ ವ್ಯತ್ಯಾಸ ಎಲ್ಲಿಂದ ಬಂತು? ನಡುವೆ ಎಲ್ಲೋ ದರ ಏರುತ್ತಿದೆ, ಆ ಸಂಗತಿ ಪುಟದಲ್ಲಿಲ್ಲ. ಆಟಗಾರರು ‘ಸಾಫ್ಟ್ ಪಿಟಿ’ ಅನ್ನುವುದು ಇದನ್ನೇ. ಅವರು ಲಕ್ಷಾಂತರ ಪುಲ್‌ಗಳ ದಾಖಲೆ ಕಲೆಹಾಕಿ ಕಟ್ಟಿದ ಮಾದರಿಯ ಪ್ರಕಾರ 74ನೇ ಪುಲ್‌ನಿಂದ ಪ್ರತಿ ಸಲ ದರಕ್ಕೆ ಇನ್ನೂ 6 ಶೇಕಡಾ ಅಂಶ ಕೂಡುತ್ತಾ ಹೋಗುತ್ತದೆ. ಅದು ಕಂಪನಿ ಹೇಳಿದ ಮಾತಲ್ಲ, ಊಹೆ. ಊಹೆಯನ್ನು ಪರೀಕ್ಷಿಸಲು ಪ್ರೋಗ್ರಾಂ ಬೇಕು:

ಒಂದು ಲಕ್ಷ ಆಟಗಾರರಿಗೆ, ಒಬ್ಬೊಬ್ಬರಿಗೂ:
— ಎಣಿಕೆ = 0
— ಸಿಗುವ ತನಕ ಲೂಪ್:
—— ಎಣಿಕೆಗೆ 1 ಕೂಡಿಸು
—— ಅವಕಾಶ = 0.006
—— ಎಣಿಕೆ 74 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅವಕಾಶ = 0.006 + 0.06 × (ಎಣಿಕೆ − 73)
—— 0ಯಿಂದ 1ರ ನಡುವಿನ ರ‍್ಯಾಂಡಮ್ ಸಂಖ್ಯೆ ಅವಕಾಶಕ್ಕಿಂತ ಕಡಿಮೆಯಿದ್ದರೆ ಅಥವಾ ಎಣಿಕೆ 90 ಆಗಿದ್ದರೆ, ಎಣಿಕೆಯನ್ನು ಪಟ್ಟಿಗೆ ಸೇರಿಸಿ ಲೂಪ್‌ನಿಂದ ಹೊರಬಾ

ಓಡಿಸಿದರೆ ಸರಾಸರಿ 62.1ರಿಂದ 62.5ರ ಒಳಗೆ ಬರಬೇಕು. ಕೈಲೆಕ್ಕದಲ್ಲಿ ನಿಖರವಾಗಿ 62.3. ತಲೆಕೆಳಗು ಮಾಡಿದರೆ ಶೇ. 1.605. ಪುಟದ ಶೇ. 1.6ಕ್ಕೆ ಸರಿಯಾಗಿ ಕೂತಿತು. ಇದರಿಂದ ಮಾದರಿ ನಿಜ ಎಂದು ಸಾಬೀತಾಗುವುದಿಲ್ಲ, ಬೇರೆ ಆಕಾರದ ಏರಿಕೆಯೂ ಇದೇ ಸರಾಸರಿ ಕೊಡಬಹುದು. ಸಾಬೀತಾಗುವುದು ಒಂದೇ: ದರ 89ರ ತನಕ ಸಮನಾಗಿಲ್ಲ.

ಪಟ್ಟಿಯನ್ನು ಹಿಸ್ಟೋಗ್ರಾಂ ಮಾಡಿ ನೋಡಿ. 73ರ ತನಕ ಚಪ್ಪಟೆಯಾಗಿ ಮಲಗಿರುವ ಗೆರೆ 74ರಿಂದ ಗುಡ್ಡದ ಹಾಗೆ ಏಳುತ್ತದೆ. ನೂರರಲ್ಲಿ 56 ಜನಕ್ಕೆ 74ರಿಂದ 80ರ ನಡುವೆಯೇ ಸಿಗುತ್ತದೆ. ‘ಮೂಲ ದರ ಶೇ. 0.6’ ಎಂಬ ಅಂಕಿ ಸುಳ್ಳಲ್ಲ, ಆದರೆ ಬಹುಪಾಲು ಜನರ ಅನುಭವಕ್ಕೂ ಅದಕ್ಕೂ ಸಂಬಂಧ ಕಡಿಮೆ. ವಾದದಲ್ಲಿ ಎತ್ತಬೇಕಾದ ಅಂಶ ಇದು.

ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ

ಒಂದರ ವ್ಯತ್ಯಾಸದ ದೋಷ ಎಲ್ಲಕ್ಕಿಂತ ಸಾಮಾನ್ಯ. ‘ಎಣಿಕೆ 90 ಆಗಿದ್ದರೆ’ ಎಂಬುದರ ಬದಲು ‘ಎಣಿಕೆ 90ಕ್ಕಿಂತ ಹೆಚ್ಚಿದ್ದರೆ’ ಎಂದು ಬರೆದರೆ ಖಾತರಿ 90ರ ಬದಲು 91ಕ್ಕೆ ಹೋಗುತ್ತದೆ. ಸರಾಸರಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಪಟ್ಟಿಯ ಗರಿಷ್ಠ ಸಂಖ್ಯೆ ನೋಡಬೇಕು, ಅದೂ ಸಾಫ್ಟ್ ಪಿಟಿಯ ಸಾಲನ್ನು ತೆಗೆದು ಓಡಿಸಿ. ಯಾಕೆಂದರೆ ಏರಿಕೆ ಇದ್ದಾಗ ಒಂದು ಲಕ್ಷ ಜನರಲ್ಲಿ 90ನೇ ಪುಲ್ ಮುಟ್ಟುವವರು ಒಬ್ಬರೂ ಇರುವುದಿಲ್ಲ, ತಪ್ಪು ಮುಚ್ಚಿಹೋಗುತ್ತದೆ. ಆ ಸಾಲು ತೆಗೆದಾಗ ಗರಿಷ್ಠ ಸರಿಯಾಗಿ 90 ಬರಬೇಕು, ಸರಾಸರಿ 69.7ರ ಹತ್ತಿರ ಇರಬೇಕು.

ಎರಡನೆಯದು ಸೀಡ್, ಅಂದರೆ ರ‍್ಯಾಂಡಮ್ ಸಂಖ್ಯೆಗಳ ಸರಣಿ ಎಲ್ಲಿಂದ ಶುರುವಾಗಬೇಕೆಂದು ತಿಳಿಸುವ ಸಂಖ್ಯೆ. ‘ಪ್ರತಿ ಸಲ ಹೊಸದಾಗಿರಲಿ’ ಅಂತ ಲೂಪ್ ಒಳಗೇ ಗಡಿಯಾರದ ಸೆಕೆಂಡನ್ನು ಸೀಡ್ ಆಗಿ ಕೊಡುವವರಿದ್ದಾರೆ. ಒಂದು ಸೆಕೆಂಡಿನಲ್ಲಿ ಸಾವಿರಾರು ಪುಲ್ ಆಗಿಹೋಗುತ್ತವೆ, ಅಷ್ಟಕ್ಕೂ ಒಂದೇ ಸಂಖ್ಯೆ ಬರುತ್ತದೆ. ಗೆಲುವುಗಳು ಗೊಂಚಲು ಗೊಂಚಲಾಗಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಸೀಡ್ ಪ್ರೋಗ್ರಾಂನ ಆರಂಭದಲ್ಲಿ ಒಂದೇ ಸಲ, ಅದೂ ಸ್ಥಿರ ಸಂಖ್ಯೆಯಾಗಿರಲಿ. ಓದುವವರು ಓಡಿಸಿದಾಗ ನಿಮಗೆ ಬಂದದ್ದೇ ಅವರಿಗೂ ಬರಬೇಕು.

ಮೂರನೆಯದು ಶೇಷದ ಪಕ್ಷಪಾತ, ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. 0ಯಿಂದ 255ರವರೆಗಿನ ಒಂದು ಬೈಟ್ ತಗೊಂಡು 100ರಿಂದ ಭಾಗಿಸಿ ಶೇಷ ಬಳಸುತ್ತೀರಿ ಅಂದುಕೊಳ್ಳಿ. ಶೇಷ 7 ಬರಲು ಮೂರು ದಾರಿ ಇದೆ: 7, 107, 207. ಶೇಷ 80 ಬರಲು ಎರಡೇ ದಾರಿ: 80, 180. ಹೀಗೆ 0ಯಿಂದ 55ರವರೆಗಿನ ಶೇಷಗಳಿಗೆ 256ರಲ್ಲಿ 3, 56ರಿಂದ 99ಕ್ಕೆ 256ರಲ್ಲಿ 2. ‘ಶೇಷ 0 ಬಂದರೆ ಗೆಲುವು’ ಎಂದು ಬರೆದರೆ ಶೇ. 1ರ ಬದಲು ಶೇ. 1.17 ಕೊಟ್ಟಂತಾಯಿತು, ‘ಶೇಷ 99 ಬಂದರೆ’ ಎಂದರೆ ಶೇ. 0.78. ಸಮಾನವಾಗಿ ಕಾಣುವ ಎರಡು ಸಾಲುಗಳಲ್ಲಿ ಒಂದು ಇನ್ನೊಂದರ ಒಂದೂವರೆ ಪಟ್ಟು. 200 ಮತ್ತು ಅದಕ್ಕಿಂತ ಮೇಲಿನ ಬೈಟ್‌ಗಳನ್ನು ಎಸೆದು ಮತ್ತೆ ಎಳೆದರೆ ಸರಿಹೋಗುತ್ತದೆ. ಪೈಥಾನ್‌ನ ರ‍್ಯಾಂಡಮ್ ಮಾಡ್ಯೂಲ್ ಈ ತಲೆನೋವನ್ನು ಒಳಗೇ ನೋಡಿಕೊಳ್ಳುತ್ತದೆ. ಅದರೊಳಗಿರುವ, ಸಂಖ್ಯೆ ಹುಟ್ಟಿಸುವ ಮರ್ಸೆನ್ ಟ್ವಿಸ್ಟರ್ ವಿಧಾನ ಸಿಮ್ಯುಲೇಶನ್‌ಗೆ ಧಾರಾಳ ಸಾಕು, ಆದರೆ ನಿಜವಾದ ದುಡ್ಡಿನ ಡ್ರಾಗೆ ಬೇಡ. ಸಾಕಷ್ಟು ಫಲಿತಾಂಶ ನೋಡಿದವರು ಮುಂದಿನದನ್ನು ಊಹಿಸಬಲ್ಲರು. ಅದಕ್ಕೆ ಸೀಕ್ರೆಟ್ಸ್ ಮಾಡ್ಯೂಲ್ ಇದೆ.

‘ನನಗೆ ಬರಲಿಲ್ಲ’ ಎಂಬುದು ಎಷ್ಟು ಸಾಕ್ಷ್ಯ?

ಮುನ್ನೂರು ಪುಲ್‌ಗೂ ಸೊನ್ನೆ ಅಂದವರ ವಿಷಯಕ್ಕೆ ಬರೋಣ. 0.99ರ ಮುನ್ನೂರನೇ ಘಾತ 0.049. ದರ ನಿಜಕ್ಕೂ ಶೇ. 1 ಇದ್ದರೂ ಸಾವಿರ ಆಟಗಾರರಲ್ಲಿ 49 ಮಂದಿಗೆ ಹೀಗಾಗುತ್ತದೆ. ಬಂದವರು ಸುಮ್ಮನೆ ಆಡುತ್ತಿರುತ್ತಾರೆ, ಬಾರದವರು ಬರೆಯುತ್ತಾರೆ. ಹಾಗಾಗಿ ಒಬ್ಬರ ದೂರಿನಿಂದ ದರ ಅಳೆಯಲಾಗದು. ಅವರನ್ನು ಸುಳ್ಳುಗಾರರೆನ್ನುವುದೂ ತಪ್ಪು, ಅವರಿಗೆ ಆದದ್ದು ನಿಜವೇ.

ಎಷ್ಟು ದತ್ತಾಂಶ ಬೇಕು ಅನ್ನುವುದಕ್ಕೆ ಪ್ರಮಾಣ ದೋಷದ ಸೂತ್ರ: ದರ × (1 − ದರ) ÷ ಪುಲ್ ಸಂಖ್ಯೆ, ಅದರ ವರ್ಗಮೂಲ. ಶೇ. 1ಕ್ಕೆ ಸಾವಿರ ಪುಲ್ ನೋಡಿದರೆ ದೋಷ ಶೇ. 0.31, ಎರಡು ಪಟ್ಟು ಆಚೀಚೆ ಇಟ್ಟರೆ ಶೇ. 0.4ರಿಂದ 1.6ರವರೆಗೆ ಏನು ಬಂದರೂ ಆಶ್ಚರ್ಯವಿಲ್ಲ. ಹತ್ತು ಸಾವಿರಕ್ಕೆ ಅದು 0.8ರಿಂದ 1.2ಕ್ಕೆ ಕುಗ್ಗುತ್ತದೆ. ಶೇ. 0.6 ಎಂದು ಹೇಳಿ ಗುಟ್ಟಾಗಿ ಶೇ. 0.5 ಕೊಡುತ್ತಿದ್ದರೆ ಅದನ್ನು ನೂರಕ್ಕೆ 80 ಸಲವಾದರೂ ಹಿಡಿಯಲು, ಸರಿಯಿರುವ ದರವನ್ನೇ ತಪ್ಪು ಎನ್ನುವ ಸಾಧ್ಯತೆ ಶೇ. 5 ಮೀರದ ಎಂದಿನ ಮಿತಿಯಲ್ಲಿ, ಸುಮಾರು 44 ಸಾವಿರ ಪುಲ್ ಬೇಕು. ಒಬ್ಬರಿಂದ ಆಗದ ಕೆಲಸ. ಗುಂಪಾಗಿ ಕಲೆಹಾಕುವಾಗ ‘ಚೆನ್ನಾಗಿ ಬಂದದ್ದು ಕಳಿಸಿ’ ಅಂತ ಕೇಳಬೇಡಿ. ಇಂತಿಂಥ ತಾರೀಖಿನಿಂದ ಇಂತಿಂಥ ತಾರೀಖಿನವರೆಗಿನ ಪೂರ್ತಿ ಇತಿಹಾಸ ಕೇಳಿ, ಪಿಟಿ ಎಣಿಕೆಯ ನಡುವಿನಿಂದ ಶುರುವಾದ ಮೊದಲ ತುಂಡನ್ನು ಕಿತ್ತುಹಾಕಿ.

ಜೇಬಿನ ಲೆಕ್ಕ

ದರಕ್ಕಿಂತ ಕರೆನ್ಸಿಯ ಮರೆಮಾಚುವಿಕೆಯೇ ದೊಡ್ಡದು ಎಂಬುದು ಈ ಲೇಖನದ ಅಭಿಪ್ರಾಯ. ಗೆನ್ಶಿನ್‌ನಲ್ಲಿ ಒಂದು ಪುಲ್‌ಗೆ 160 ರತ್ನ, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಗೇಮ್‌ನೊಳಗಿನ ಕರೆನ್ಸಿ. ಅತಿ ದೊಡ್ಡ ಪ್ಯಾಕ್ 6480, ಬೋನಸ್ 1600 ಸೇರಿ 8080. ಐವತ್ತು ಪುಲ್ ಆಗಿ 80 ಉಳಿಯುತ್ತದೆ, ಅರ್ಧ ಪುಲ್. ಆ ಉಳಿಕೆ ಮುಂದಿನ ಪ್ಯಾಕ್ ಕೊಳ್ಳಲು ಕರೆಯುತ್ತದೆ. ಬೇಕಾದ ಪಾತ್ರವೇ ಬರುವ ಅವಕಾಶ 50–50, ತಪ್ಪಿದರೆ ಮುಂದಿನದು ಖಾತರಿ ಎಂಬ ನಿಯಮವಿರುವಲ್ಲಿ ಸರಾಸರಿಯನ್ನು ಒಂದೂವರೆಯಿಂದ ಗುಣಿಸಿ: 62.3 ಹೋಗಿ 93.4 ಆಗುತ್ತದೆ. ಕೆಟ್ಟ ಅದೃಷ್ಟಕ್ಕೆ 180 ಪುಲ್, 28,800 ರತ್ನ, ನಾಲ್ಕು ದೊಡ್ಡ ಪ್ಯಾಕ್. ನಿಮ್ಮ ಆ್ಯಪ್ ಸ್ಟೋರ್ ತೋರಿಸುವ ಬೆಲೆಯಿಂದ ಗುಣಿಸಿ, ರೂಪಾಯಿಯಲ್ಲಿ ಬರೆಯಿರಿ. ರತ್ನದ ಭಾಷೆಯಲ್ಲಿ ವಾದ ಮಾಡಬೇಡಿ.

ಸಮಾಜದ ಪ್ರಶ್ನೆಗೆ ಬಂದಾಗ

ಇಲ್ಲಿಯೂ ಗಣಿತ ಅರ್ಧದಾರಿ ಜೊತೆಗೆ ಬರುತ್ತದೆ. ಜಪಾನ್‌ನಲ್ಲಿ 2012ರಲ್ಲಿ ಗ್ರಾಹಕ ವ್ಯವಹಾರ ಸಂಸ್ಥೆ ‘ಕಾಂಪು ಗಾಚಾ’ವನ್ನು ಕಾನೂನುಬಾಹಿರ ಎಂದಿತು, ಅಂದರೆ ಒಂದು ಸೆಟ್ಟಿನ ಎಲ್ಲ ವಸ್ತು ಸೇರಿಸಿದರೆ ಮಾತ್ರ ಬಹುಮಾನ. ಯಾಕೆ ಅದೊಂದೇ ಗುರಿಯಾಯಿತು ಅನ್ನುವುದನ್ನು ಹತ್ತು ವಸ್ತುವಿನ ಸೆಟ್ ಇಟ್ಟು ಲೆಕ್ಕ ಹಾಕಿ. ಎಲ್ಲ ಸಮಾನ ಅವಕಾಶದವಾದರೂ ಮೊದಲ ಐದಕ್ಕೆ ಸರಾಸರಿ 6.5 ಪುಲ್, ಉಳಿದ ಐದಕ್ಕೆ 22.8, ಕೊನೆಯದೊಂದಕ್ಕೇ 10. ‘ಅರ್ಧ ಆಯ್ತು’ ಅಂದುಕೊಂಡವರು ನಿಜಕ್ಕೂ ದಾರಿಯ ಕಾಲು ಭಾಗವೂ ನಡೆದಿರುವುದಿಲ್ಲ.

ದರ ಪ್ರಕಟಿಸಬೇಕೆಂಬ ನಿಯಮ ಚೀನಾದಲ್ಲಿ 2017ರ ಮೇ 1ರಿಂದ ಬಂತು, ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚ್‌ನಿಂದ. ಅದೇ ವರ್ಷದ ಜನವರಿಯಲ್ಲಿ ಕೊರಿಯಾದ ವ್ಯಾಪಾರ ಆಯೋಗ ಮೇಪಲ್‌ಸ್ಟೋರಿ ಗೇಮ್‌ನ ದರಗಳನ್ನು ಆಟಗಾರರಿಗೆ ತಿಳಿಸದೆ ಬದಲಿಸಿದ್ದಕ್ಕೆ ಅದರ ಕಂಪನಿ ನೆಕ್ಸಾನ್‌ಗೆ ಸುಮಾರು 11.6 ಶತಕೋಟಿ ವಾನ್ ದಂಡ ಹಾಕಿತ್ತು. ‘ಕಂಪನಿಗಳು ಅಂಥದ್ದೆಲ್ಲ ಮಾಡೋದಿಲ್ಲ’ ಎಂಬ ವಾದಕ್ಕೆ ಇದು ಉತ್ತರ. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ಕೊಳ್ಳುವ ಲೂಟ್ ಬಾಕ್ಸ್ ಜೂಜೇ ಎಂದಿತು. ನೆದರ್‌ಲೆಂಡ್ಸ್‌ನ ಉನ್ನತ ಆಡಳಿತ ನ್ಯಾಯಾಲಯ 2022ರಲ್ಲಿ ಫುಟ್‌ಬಾಲ್ ಗೇಮ್ ಫೀಫಾದ ಪ್ಯಾಕ್‌ಗಳು ಕೌಶಲದ ಆಟದ ಭಾಗ, ಪ್ರತ್ಯೇಕ ಜೂಜಲ್ಲ ಎಂದು ಅದರ ಕಂಪನಿಗೆ ಹಾಕಿದ್ದ ದಂಡ ರದ್ದುಮಾಡಿತು. ಅದೇ ಸಂಭವನೀಯತೆ, ಎರಡು ತೀರ್ಪು.

ನಮ್ಮಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ಆನ್‌ಲೈನ್ ಗೇಮ್ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿದಾಗ, ಚರ್ಚೆ ಸುತ್ತಿದ್ದು ಕೌಶಲವೋ ಅದೃಷ್ಟವೋ ಎಂಬುದರ ಸುತ್ತಲೇ. 2025ರ ಕೇಂದ್ರ ಕಾಯ್ದೆ ಆ ಗೆರೆಯನ್ನೇ ಬಿಟ್ಟಿದೆ: ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಹಣದ ಲಾಭ ನಿರೀಕ್ಷಿಸುವ ಆಟ ಅದರ ಗುರಿ. ಹಾಗಾಗಿ ಈಗ ಲೂಟ್ ಬಾಕ್ಸ್ ಬಗ್ಗೆ ವಾದಿಸುವವರು ಮೊದಲು ಕೇಳಬೇಕಾದ ಪ್ರಶ್ನೆ, ಒಳಗಿಂದ ಬಂದ ವಸ್ತು ಖಾತೆಗೇ ಅಂಟಿಕೊಂಡಿರುತ್ತದೆಯೋ, ಇನ್ನೊಬ್ಬರಿಗೆ ಮಾರಿ ದುಡ್ಡು ಮಾಡಿಕೊಳ್ಳಬಹುದೋ ಎಂದು. ಗೆನ್ಶಿನ್‌ನ ಪಾತ್ರ ಮೊದಲ ಬಗೆ, ಕೌಂಟರ್-ಸ್ಟ್ರೈಕ್ ಗೇಮ್‌ನ ಸ್ಕಿನ್ (ಆಯುಧದ ಮೇಲಿನ ಅಲಂಕಾರ) ಎರಡನೇ ಬಗೆ. ಎರಡನ್ನೂ ಒಂದೇ ಉಸಿರಿನಲ್ಲಿ ಬೈದರೆ ಎದುರಾಳಿ ಒಂದನ್ನು ಹಿಡಿದು ಇನ್ನೊಂದನ್ನು ಹೊಡೆದುಹಾಕುತ್ತಾರೆ.

ಫಲಿತಾಂಶ ಹಂಚುವಾಗ ಪೂರ್ತಿ ಕೋಡ್, ಸೀಡ್, ಆಟಗಾರರ ಸಂಖ್ಯೆ, ದರ ತಗೊಂಡ ಪುಟದ ಸ್ಕ್ರೀನ್‌ಶಾಟ್ ಮತ್ತು ಅದರ ತಾರೀಖು ಹಾಕಿ. ಗೇಮ್‌ನ ಹೊಸ ಆವೃತ್ತಿ ಬಂದಾಗ ನಿಯಮ ಬದಲಾಗಬಹುದು, ತಾರೀಖಿಲ್ಲದ ಅಂಕಿಯನ್ನು ಆರು ತಿಂಗಳ ನಂತರ ಯಾರೋ ತಂದು ನಿಮ್ಮ ಮುಂದೆಯೇ ಹಿಡಿಯುತ್ತಾರೆ. ಪ್ರಕಟವಾದ ದರ ಯಾವುದು, ಆಟಗಾರರ ಊಹೆ ಯಾವುದು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.