ಮಾರುತಿ 800ರ ಸಿಲ್ ಒಳಗಿನ ತುಕ್ಕು: ಕೈ ಹೋಗದ ಕಡೆ ಮಾಡಿದ ಕೆಲಸ

ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಇವತ್ತು ಓಡುತ್ತಿರುವ ಯಾವ 800 ಆದರೂ ಹತ್ತಕ್ಕಿಂತ ಹೆಚ್ಚು ಮಳೆಗಾಲ ಕಂಡಿದೆ. ಕರಾವಳಿಯ ಗಾಡಿಯಾದರೆ ಉಪ್ಪುಗಾಳಿಯೂ ಸೇರಿತು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಒಂದು ಮುಚ್ಚಿದ ಕೊಳವೆ. ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯ ಭಾರ ಹೊರುವುದರಲ್ಲಿ ಸಿಲ್‌ನ ಪಾಲು ದೊಡ್ಡದು. ಪೇಂಟ್ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ತಗಡು ಒಳಗಿನಿಂದ ಸವೆದು ಮುಗಿಯುತ್ತಾ ಬಂದಿರುತ್ತದೆ.

ಮೊದಲು ನೋಡಬೇಕಾದ್ದು ಗಟ್ಟಿ ಎಷ್ಟು ಉಳಿದಿದೆ ಎಂದು. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದುಹೋದ ಜಾಗ ಡಬ್ ಅನ್ನುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯದ ಕಡೆ ಒಳಗಿರುವುದು ಹಳೇ ಪುಟ್ಟಿ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಹೋಗುವ ಜಾಗಕ್ಕೆ ಯಾವ ಔಷಧಿಯೂ ಇಲ್ಲ. ಅಲ್ಲಿ ಕತ್ತರಿಸಿ 20 ಗೇಜಿನ ತಗಡು ವೆಲ್ಡ್ ಮಾಡಿಸಲೇಬೇಕು. ಜಾಕ್ ಕೊಡುವ ಜಾಗ ಮತ್ತು ಹಿಂದಿನ ಚಕ್ರದ ಮುಂಭಾಗವನ್ನು ಎರಡೆರಡು ಸಲ ನೋಡಿ. ವೆಲ್ಡಿಂಗ್ ಇದ್ದರೆ ಕೊನೆಗೆ ಸಿಲ್ ಒಳಗೆ ಹೊಡೆಯುವ ಮೇಣಕ್ಕಿಂತ ಮೊದಲೇ ಮುಗಿಯಬೇಕು, ಮೇಣ ಹೊಡೆದ ಕೊಳವೆಗೆ ವೆಲ್ಡಿಂಗ್ ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ.

ಆಮೇಲೆ ಸಿಲ್ ಕೆಳಅಂಚಿನ ನೀರು ಹೋಗುವ ತೂತುಗಳು. ಸೈಕಲ್ ಕಡ್ಡಿ ಹಾಕಿ ಒಂದೊಂದನ್ನೂ ಬಿಡಿಸಿದೆ. ಎಲ್ಲವೂ ಮಣ್ಣು ಮತ್ತು ಹಳೇ ಅಂಡರ್‌ಬಾಡಿ ಕೋಟಿಂಗ್‌ನಿಂದ ಮುಚ್ಚಿಹೋಗಿದ್ದವು. ತುಕ್ಕಿನ ಮೇಲೆಯೇ ರಬ್ಬರ್ ಕೋಟಿಂಗ್ ಬಳಿದರೆ ನೀರು ಕೋಟಿಂಗ್‌ಗೂ ತಗಡಿಗೂ ನಡುವೆ ನಿಂತು, ತುಕ್ಕಿನ ಕೆಲಸ ಯಾರ ಕಣ್ಣಿಗೂ ಬೀಳದೆ ಮುಂದುವರಿಯುತ್ತದೆ. ಆ ಪದರವನ್ನು ಕೆರೆದು ತೆಗೆದಾಗ ತಗಡಿನಿಂದ ಎದ್ದು ಬಂದದ್ದು ಹಪ್ಪಳದ ಹಾಗೆ ಪದರ ಪದರವಾದ ತುಕ್ಕು. ಮುಟ್ಟಿದರೆ ಪುಡಿ, ಹಿಂಬದಿ ಇನ್ನೂ ಒದ್ದೆ.

ಸಿಲ್ ಒಳಗೆ ಕೈಯಂತೂ ಹೋಗುವುದಿಲ್ಲ, ಬ್ರಷ್ಷೂ ಹೋಗುವುದಿಲ್ಲ. ಬಾಗಿಲ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ಮತ್ತು ಕಾರ್ಪೆಟ್ ಎತ್ತಿ, ಅಲ್ಲಿದ್ದ ರಬ್ಬರ್ ಬಿರಡೆಗಳನ್ನು ಕಿತ್ತು ದಾರಿ ಮಾಡಿಕೊಂಡೆ. ದಾರಿ ಸಾಲದ ಕಡೆ ಗಾಡಿ ಒಳಗಿನಿಂದ 10 ಎಂಎಂ ತೂತು. ಕೊರೆಯುವ ಮುನ್ನ ವೈರಿಂಗ್ ಎಲ್ಲಿ ಹೋಗಿದೆ ನೋಡಿ ಪಕ್ಕಕ್ಕೆ ಸರಿಸಬೇಕು. ಡ್ರಿಲ್ ಬಿಟ್‌ಗೆ ಗ್ರೀಸ್ ಸವರಿದರೆ ಕಬ್ಬಿಣದ ಚೂರು ಅದಕ್ಕೇ ಅಂಟಿಕೊಂಡು ಬರುತ್ತದೆ. ಒಳಗೆ ಬಿದ್ದ ಚೂರು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ತೆಳ್ಳನೆಯ ಪೈಪ್ ಒಳಗೆ ಬಿಟ್ಟು ಸಿಹಿನೀರು ಹರಿಸಿದೆ. ಸಮುದ್ರದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅದು ಒಳಗೆ ಉಳಿದರೆ ಮೇಲೆ ಏನು ಬಳಿದರೂ ತುಕ್ಕು ನಿಲ್ಲುವುದಿಲ್ಲ. ಮೊದಲು ಚಹಾದ ಬಣ್ಣದ ಕೆಸರು, ಜೊತೆಗೆ ಚಕ್ಕೆಗಳು. ನೀರು ತಿಳಿಯಾಗಿ ಬರುವವರೆಗೆ ಬಿಡಬೇಕು. ನಡುನಡುವೆ ಕಂಪ್ರೆಸರ್ ಗಾಳಿ ಹೊಡೆದರೆ ಅಂಟಿಕೊಂಡ ಚಕ್ಕೆಯೂ ಬಿಡುತ್ತದೆ.

ಇಡೀ ಕೆಲಸ ನಿಂತಿರುವುದು ಒಣಗಿಸುವುದರ ಮೇಲೆ. ಫೆಬ್ರವರಿ, ಮಾರ್ಚ್ ಬಿಸಿಲೇ ಸರಿ, ಜೂನ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ. ಗಾಡಿಯನ್ನು ಒಂದು ಬದಿ ಎತ್ತರಿಸಿ, ಬಾಗಿಲು ತೆರೆದು ಮೂರು ದಿನ ಬಿಸಿಲಿಗೆ ನಿಲ್ಲಿಸಿ, ದಿನಕ್ಕೆ ಅರ್ಧ ಗಂಟೆ ಹೇರ್ ಡ್ರೈಯರ್ ಗಾಳಿ ಒಳಗೆ ಬಿಟ್ಟೆ. ತಗಡುಗಳು ಜೋಡಿಸಿಕೊಂಡ ಅಂಚಿನ ನಡುವಿನ ನೀರು ಎಲ್ಲಕ್ಕಿಂತ ತಡವಾಗಿ ಹೋಗುವುದು. ಫೋನಿಗೆ ಹಚ್ಚುವ ಬೋರ್‌ಸ್ಕೋಪ್ ಕ್ಯಾಮೆರಾದಲ್ಲಿ ನೋಡಿದಾಗ ಆ ಅಂಚು ಕಪ್ಪಗೆ ಕಂಡರೆ ಇನ್ನೂ ಒದ್ದೆ, ಉಳಿದ ತುಕ್ಕಿನ ಹಾಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಒಣಗಿದೆ.

ರಸ್ಟ್ ಕನ್ವರ್ಟರ್, ಅಂದರೆ ತುಕ್ಕಿನ ಮೇಲೆ ಹಚ್ಚುವ ಆಮ್ಲದ ದ್ರಾವಣದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬ್ರಷ್ ಮುಟ್ಟುವ ಕಡೆ ಮಾತ್ರ. ಅದು ತೆಳುವಾದ, ಗಟ್ಟಿಯಾಗಿ ಅಂಟಿದ ತುಕ್ಕನ್ನು ಕಪ್ಪು ಪದರವಾಗಿಸುತ್ತದೆ. ದಪ್ಪ ಚಕ್ಕೆಯ ಮೇಲೆ ಹಚ್ಚಿದರೆ ಮೇಲ್ಪದರ ಮಾತ್ರ ಬದಲಾಗುತ್ತದೆ, ಕೆಳಗೆ ಹಳೆಯದೇ. ಮುಚ್ಚಿದ ಕೊಳವೆಯೊಳಗೆ ಸುರಿದರೆ ಹೆಚ್ಚಾದ ಆಮ್ಲ ಅಂಚಿನ ಸಂದಿಯಲ್ಲಿ ಉಳಿದು ತಗಡನ್ನೇ ತಿನ್ನಬಹುದು. ಒಳಗಿನ ತುಕ್ಕನ್ನು ಪೂರ್ತಿ ತೆಗೆಯುವುದು ಆಗದ ಮಾತು. ಅದಕ್ಕೆ ನೀರು, ಗಾಳಿ ಸಿಗದಂತೆ ಮಾಡುವುದು ಆಗುತ್ತದೆ.

ಅದಕ್ಕೆ ಬಳಸಿದ್ದು ಮೇಣದ ಮಿಶ್ರಣ. ಒಂದು ಲೀಟರ್ ಟರ್ಪೆಂಟೈನ್, 140 ಗ್ರಾಂ ತುರಿದ ಮೇಣದಬತ್ತಿ, 400 ಮಿಲಿ ಹೊಸ ಎಂಜಿನ್ ಆಯಿಲ್. ಟರ್ಪೆಂಟೈನ್ ಇರುವ ಪಾತ್ರೆಯನ್ನು ಯಾವ ಕಾರಣಕ್ಕೂ ಒಲೆ ಮೇಲಿಡಬಾರದು. ನೀರು ಬೇರೆ ಕಡೆ ಕಾಯಿಸಿ ತಂದು, ಹೊರಗೆ ಬಯಲಲ್ಲಿ ಬಕೆಟ್ಟಿನ ಬಿಸಿನೀರಿನೊಳಗೆ ಪಾತ್ರೆ ಇಟ್ಟು ಕಲಕಿದರೆ ಮೇಣ ಕರಗುತ್ತದೆ. ಸುಟ್ಟ ಆಯಿಲ್ ಬೇಡ, ಅದರಲ್ಲಿ ಆಮ್ಲವೂ ಮೈಗೆ ಒಳ್ಳೆಯದಲ್ಲದ ಕಸವೂ ಇರುತ್ತದೆ.

ಕಂಪ್ರೆಸರ್ ಗಾಳಿಯಲ್ಲಿ ಎಂಜಿನ್ ತೊಳೆಯುವ ಡೀಸೆಲ್ ಗನ್‌ಗೆ 6 ಎಂಎಂ ನೈಲಾನ್ ಪೈಪ್ ಒಂದೂವರೆ ಮೀಟರ್ ಸಿಕ್ಕಿಸಿ, ತುದಿ ಮುಚ್ಚಿ, ತುದಿಯ ಸುತ್ತ 1 ಎಂಎಂನ ಐದು ತೂತು ಮಾಡಿದೆ. ಪೈಪನ್ನು ಕೊನೆಯವರೆಗೆ ತಳ್ಳಿ, 60 ಪಿಎಸ್ಐ ಗಾಳಿಯಲ್ಲಿ ಹೊಡೆಯುತ್ತಾ ನಿಧಾನಕ್ಕೆ ಹಿಂದಕ್ಕೆ ಎಳೆಯಬೇಕು. ಮಿಶ್ರಣ ಉಗುರುಬೆಚ್ಚಗೆ ಇರಬೇಕು, ಆರಿದರೆ ಮೇಣ ತೂತಲ್ಲೇ ಕಟ್ಟಿಕೊಳ್ಳುತ್ತದೆ. ಸಿಲ್ ಒಂದಕ್ಕೆ ಸುಮಾರು 450 ಮಿಲಿ, ಬಾಗಿಲ ತಳಕ್ಕೆ ತಲಾ 100 ಮಿಲಿ ಹಿಡಿಯಿತು. ತಗಡಿನ ಅಂಚಿಂದ ಎಣ್ಣೆ ಜಿನುಗಿದರೆ ಸಂದಿಗೂ ಇಳಿದಿದೆ ಎಂದು ಅರ್ಥ. ಸೀಟ್ ಬೆಲ್ಟಿನ ಸುರುಳಿ ಮತ್ತು ಬ್ರೇಕ್ ಡ್ರಮ್ಮಿಗೆ ಮೊದಲೇ ಪ್ಲಾಸ್ಟಿಕ್ ಕಟ್ಟಿ. ಕನ್ನಡಕ, ಕೈಗವಸು ಹಾಕಿ, ಎರಡು ದಿನ ಬಾಗಿಲು ತೆರೆದಿಡಿ, ಹತ್ತಿರ ಬೀಡಿ ಸಿಗರೇಟು ಬೇಡ.

ಮರುದಿನ ನೀರಿನ ತೂತುಗಳನ್ನು ಮತ್ತೆ ತಂತಿಯಿಂದ ಚುಚ್ಚಿದೆ, ಮೇಣ ಅವನ್ನೂ ಮುಚ್ಚಿತ್ತು. ಇದನ್ನು ಮರೆತರೆ ನೀರು ಒಳಗೇ ನಿಲ್ಲುತ್ತದೆ. ಕೊರೆದ ತೂತುಗಳ ಅಂಚಿಗೆ ಪ್ರೈಮರ್ ಹಚ್ಚಿ ರಬ್ಬರ್ ಬಿರಡೆ ಒತ್ತಬೇಕು. ಮಳೆಗಾಲ ಕಳೆದ ಮೇಲೆ ಅಕ್ಟೋಬರ್‌ನಲ್ಲಿ ಅದೇ ನೀರಿನ ತೂತಿಗೆ ಕಡ್ಡಿ ಹಾಕಿ ಹೊರತೆಗೆಯಿರಿ: ತುದಿಗೆ ಎಣ್ಣೆಯ ಜಿಡ್ಡು ಹತ್ತಿದ್ದರೆ ಆ ವರ್ಷ ಸಾಕು, ಕೆಂಪು ಪುಡಿ ಹತ್ತಿದ್ದರೆ ಆ ಬದಿಗೆ ಬಿಸಿಲು ನೋಡಿಕೊಂಡು ಇನ್ನೊಂದು ಕಾಲು ಲೀಟರ್.