ಹಳೆಯ ಲ್ಯಾಪ್‌ಟಾಪ್: ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಉಡುಪಿಯಲ್ಲಿ ಆಟಿಯ ಮಳೆಗೆ ಎರಡು ವಾರ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್. ಪವರ್ ಒತ್ತಿದರೆ ದೀಪ ಹೊತ್ತಿ, ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಲ್ಲುತ್ತಿತ್ತು. ಪರದೆಯಲ್ಲಿ ಏನೂ ಇಲ್ಲ.

ಬೇರೆ ಚಾರ್ಜರ್, ಬ್ಯಾಟರಿ ತೆಗೆದು ನೇರ ಕರೆಂಟ್, ಹೊರಗಿನ ಮಾನಿಟರ್: ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಮುಖ್ಯ ಸರ್ಕ್ಯೂಟ್ ಫಲಕವಾದ ಮದರ್‌ಬೋರ್ಡ್ ಹೋಗಿದೆ ಎಂಬ ಮಾತನ್ನು ಇಷ್ಟಕ್ಕೇ ನಂಬಬೇಡಿ.

ದೋಷ ಇದ್ದದ್ದು ಮೆಮೊರಿ ಪಟ್ಟಿಯಾದ ರ‍್ಯಾಮ್‌ನಲ್ಲಿ. ಕರಾವಳಿಯ ಉಪ್ಪುಗಾಳಿ, ತೇವಕ್ಕೆ ಅದರ ಚಿನ್ನದ ಬಣ್ಣದ ಸಂಪರ್ಕ ಹಲ್ಲುಗಳು ಮಂಕಾಗಿ, ತುದಿಯಲ್ಲಿ ಕಂದು ಕಲೆ ಹಿಡಿದಿತ್ತು. ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಅಡಿ ಮುಚ್ಚಳ ಬಿಚ್ಚಿ, ಎರಡೂ ಬದಿಯ ಕ್ಲಿಪ್ ಹೊರಕ್ಕೆ ಸರಿಸಿದರೆ ರ‍್ಯಾಮ್ ಓರೆಯಾಗಿ ಮೇಲೇಳುತ್ತದೆ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ. ಮರಳುಕಾಗದ ಬೇಡ, ಲೇಪ ಕಿತ್ತುಬರುತ್ತದೆ. ರಬ್ಬರಿನ ಪುಡಿಯನ್ನು ಸ್ಲಾಟ್‌ನಿಂದ ದೂರದಲ್ಲೇ ಕೊಡವಿ. ಆಮೇಲೆ 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ. ಓರೆಯಾಗಿಯೇ ತೂರಿಸಿ, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಮೊದಲು ಒಂದನ್ನೇ ಹಾಕಿ ನೋಡಿ.

ಪರದೆ ಬಂತು, ಆದರೆ ತಾರೀಕು ಹಿಂದೆ ಹೋಗಿತ್ತು. ಒಳಗಿನ ಗಡಿಯಾರ ನಡೆಸುವ ನಾಣ್ಯದಾಕಾರದ ಸಿಆರ್2032 ಸೆಲ್ 3 ವೋಲ್ಟ್ ಬದಲು 2.4 ತೋರಿಸಿತು, ಹೊಸದು ಹಾಕಿದೆ. ಸೆಲ್ ಸತ್ತಾಗ, ಲ್ಯಾಪ್‌ಟಾಪ್ ಶುರುವಾಗುವ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ವ್ಯವಹರಿಸುವ ವಿಧಾನ) ಬದಲಾಗಿರಬಹುದು. ವಿಂಡೋಸ್ ನೀಲಿ ಪರದೆಗೆ ನಿಂತರೆ ಅದನ್ನು ಮೊದಲಿದ್ದ ಮೋಡ್‌ಗೇ, ಈ ಲ್ಯಾಪ್‌ಟಾಪ್‌ನಲ್ಲಾದರೆ ಎಎಚ್‌ಸಿಐಗೆ, ಮರಳಿಸಿ.