ಗಜನಿ ಪಕ್ಕದ ಗದ್ದೆಗೆ ಸೂರ್ಯಕಾಂತಿ ಹಾಕುವ ಮುಂಚೆ

ಕುಮಟಾ ಕಡೆ ಅಘನಾಶಿನಿ ಹಿನ್ನೀರಿನ ಹತ್ತಿರ, ಗಜನಿ ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ ಪಕ್ಕ, ನಿಮ್ಮ ಗದ್ದೆ ಇದೆಯಾ? ಭತ್ತ ಕೊಯ್ದ ಮೇಲೆ ಸೂರ್ಯಕಾಂತಿ ಹಾಕುವ ಆಸೆ ಇದ್ದರೆ, ಬೀಜ ತರುವ ಮುಂಚೆ ಮಣ್ಣಿಗೆ ಯಾವ ಕಾಯಿಲೆ ಅಂತ ನೋಡಿ. ಉಪ್ಪು ಮಣ್ಣು ಬೇರೆ, ಸೋಡಿಯಂ ಅಂಟಿಕೊಂಡ ಕ್ಷಾರ ಮಣ್ಣು ಬೇರೆ. ಇದು ಗೊತ್ತಿಲ್ಲದೆ ನಾನು ಒಂದು ವರ್ಷ ಚೀಲಗಟ್ಟಲೆ ಜಿಪ್ಸಂ ಸುರಿದೆ. ದುಡ್ಡು ಹೋಯಿತು, ಉಪ್ಪು ಅಲ್ಲೇ ಇತ್ತು.

ಮೊದಲು ಒಂದು ಗಾಜಿನ ಲೋಟ ತನ್ನಿ. ಒಂದು ಚಮಚ ಒಣಮಣ್ಣು ಹಾಕಿ, ಬ್ಯಾಟರಿಗೆ ಹಾಕುವ ನೀರು ಸುರಿದು ಕದಡಿ ಇಡಿ. ಉಪ್ಪು ಜಾಸ್ತಿ ಇದ್ದರೆ ಮಣ್ಣು ಬೇಗ ತಳಕ್ಕೆ ಕೂತು ನೀರು ತಿಳಿಯಾಗುತ್ತದೆ. ಕ್ಷಾರ ಮಣ್ಣಾದರೆ ಮಾರನೇ ದಿನವೂ ಚಹಾದ ಹಾಗೆ ಕದಡಿಕೊಂಡೇ ಇರುತ್ತದೆ. ಅಂಥ ಮಣ್ಣಿನ ಪಿಎಚ್ 8.5 ದಾಟಿರುತ್ತದೆ, ಒಣಗಿದಾಗ ಮೇಲೆ ಹೆಪ್ಪು ಕಟ್ಟಿ ಮೊಳಕೆ ಹೊರಬರಲು ಒದ್ದಾಡುತ್ತದೆ, ಕಬ್ಬಿಣ ಮತ್ತು ಸತು ಸಿಗದೆ ಎಳೆ ಎಲೆಗಳು ಹಳದಿಯಾಗುತ್ತವೆ. ಜಿಪ್ಸಂ ಬೇಕಾಗುವುದು ಅದಕ್ಕೆ. ಆದರೆ ಅದು ತುಂಗಭದ್ರಾ, ಕೃಷ್ಣಾ ಕಾಲುವೆ ಕೆಳಗಿನ ಕಪ್ಪು ಮಣ್ಣಿನ ಗೋಳು. ನಮ್ಮ ಗಜನಿಯದು ಹೆಚ್ಚಾಗಿ ಉಪ್ಪಿನ ಜೊತೆ ಹುಳಿ.

ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿ. ಮಣ್ಣಿನ ಉಪ್ಪನ್ನು ಮೀಟರ್‌ಗೆ ಇಷ್ಟು ಡೆಸಿಸೀಮೆನ್ಸ್ ಅಂತ ಅಳೆಯುತ್ತಾರೆ. ಸೂರ್ಯಕಾಂತಿ ಸುಮಾರು 4.8 ತನಕ ತಡೆಯುತ್ತದೆ, ಅದರ ಮೇಲೆ ಒಂದೊಂದು ಅಂಕಿಗೂ ಇಳುವರಿ ಶೇ. 5ರಷ್ಟು ಇಳಿಯುತ್ತದೆ. 8 ಇದ್ದರೆ ಶೇ. 16 ಹೋಯಿತು ಅಂತಲೇ ಲೆಕ್ಕ. ಇಲ್ಲೊಂದು ಮೋಸ ಇದೆ ನೋಡಿ: ಆ 4.8 ಅನ್ನುವುದು ಮಣ್ಣನ್ನು ಅಂಟಾಗುವಷ್ಟೇ ನೀರಲ್ಲಿ ಕಲಸಿ ತೆಗೆದ ರಸದ ಅಳತೆ, ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಎರಡೂವರೆ ಪಟ್ಟು ನೀರು ಹಾಕಿ ಅಳೆಯುತ್ತಾರೆ, ಹಾಗಾಗಿ ವರದಿಯಲ್ಲಿ 2 ಅಂತ ಕಂಡರೂ ನಿಜವಾಗಿ ಗಡಿ ದಾಟಿರಬಹುದು. ಕೇಳಿಕೊಳ್ಳಿ.

ಬಿತ್ತುವ ಸಮಯವೇ ಮುಖ್ಯ. ಮಳೆಗಾಲದಲ್ಲಿ 3000 ಮಿಲಿಮೀಟರ್‌ಗೂ ಜಾಸ್ತಿ ಸುರಿದು ಉಪ್ಪು ತೊಳೆದುಹೋಗಿರುತ್ತದೆ, ಬಿಸಿಲು ಏರಿದಂತೆ ಕೆಳಗಿನ ನೀರಿನ ಜೊತೆ ಮತ್ತೆ ಮೇಲೆ ಬರುತ್ತದೆ. ನವೆಂಬರ್ ಕೊನೆಗೆ ಬಿತ್ತಿದರೆ ಸುಮಾರು 90–100 ದಿನದಲ್ಲಿ, ಅಂದರೆ ಮಾರ್ಚ್ ಸುಡುವ ಮುಂಚೆ, ಕೆಲಸ ಮುಗಿಯುತ್ತದೆ. ಭತ್ತದ ನಂತರ ಸಿಗಡಿಗೆ ಅಂತ ಗೇಟು ತೆಗೆದು ಉಪ್ಪುನೀರು ಬಿಡುವ ಕಡೆ ಮಾತ್ರ ಹಾಕಲೇಬೇಡಿ, ಅಲ್ಲಿ ಮಳೆಗಾಲದ, ಉಪ್ಪು ತಡೆಯುವ ಕಗ್ಗ ಭತ್ತವೇ ಸೈ.

ಸಾಲುಸಾಲಾಗಿ ಮಣ್ಣಿನ ಏರು ಮಾಡಿ, ಆದರೆ ಬೀಜವನ್ನು ಅದರ ನೆತ್ತಿಯ ಮೇಲೆ ಇಡಬೇಡಿ. ನೀರು ಆರಿದಾಗ ಉಪ್ಪು ನೆತ್ತಿಗೇ ಏರಿ ಬಿಳಿ ಪುಡಿಯಾಗಿ ಕೂರುತ್ತದೆ, ಬೆರಳಿಗೆ ಹತ್ತುತ್ತದೆ. ಪಕ್ಕದ ಇಳಿಜಾರಿನ ನಡುವೆ ಊರಿ. ಮೊಳಕೆಯ ದಿನಗಳಲ್ಲೇ ಗಿಡಕ್ಕೆ ಉಪ್ಪಿನ ಭಯ ಜಾಸ್ತಿ. ಸಾಲಿನ ಮಧ್ಯೆ ಭತ್ತದ ಹುಲ್ಲು ಹಾಸಿ.

ಬಾವಿ ನೀರನ್ನೂ ನಂಬಬೇಡಿ. ಒಮ್ಮೆ ನಾನು ತಡವಾಗಿ ಫೆಬ್ರವರಿಯಲ್ಲಿ ಬಿತ್ತಿದ್ದೆ, ಏಪ್ರಿಲ್ ಹೊತ್ತಿಗೆ ಬಾವಿ ನೀರೇ ಸಪ್ಪೆಯಿಂದ ಉಪ್ಪಾಯಿತು, ಎಲೆಯ ಅಂಚು ಸುಟ್ಟ ಕಾಗದದಂತೆ ಕಂದಾಯಿತು. ಹೂವು ಬಸಿಯಷ್ಟಗಲ ಬಂದು ನಿಂತಿತು. ಒಡೆದು ನೋಡಿದರೆ ನಡುವಿನ ಬೀಜವೆಲ್ಲ ಬರೀ ಸಿಪ್ಪೆ. ಅದನ್ನೂ ಗಿಳಿಗಳು ಬಿಡಲಿಲ್ಲ.